ಕಡಲ ತಂಗಾಳಿಯನ್ನು ನಂಬಿ ಮೈಮರೆಯದಿರಿ

ರಜೆ ಬಂತೆಂದರೆ ಘಟ್ಟ ಇಳಿದು ಕರಾವಳಿಗೆ ಹೋಗುವುದು ಅನೇಕ ಕುಟುಂಬಗಳ ವಾಡಿಕೆ. ದೇವರ ದರ್ಶನ, ಹೊಟ್ಟೆ ತುಂಬ ಊಟ, ಸಂಜೆ ಮರಳ ಮೇಲೆ ಕಾಲು ಚಾಚಿ ಕೂರುವುದು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಕಯಾಕ್ ವಿಹಾರವೂ ಸೇರಿದೆ. ಒಬ್ಬರೋ ಇಬ್ಬರೋ ಕುಳಿತು ಹುಟ್ಟು ಹಾಕುವ ಈ ಕಿರುದೋಣಿಗಳನ್ನು ಗೋಕರ್ಣದ ಕಡಲಿನಲ್ಲೋ, ಹೊನ್ನಾವರದ ಶರಾವತಿ ಅಳಿವೆಯಲ್ಲೋ ನೀವು ನೋಡಿರಬಹುದು. ತೋಳು, ಬೆನ್ನುಗಳಿಗೆ ಇದು ಒಳ್ಳೆಯ ವ್ಯಾಯಾಮ, ಮನಸ್ಸಿಗೂ ಹಿತ. ಆದರೆ ಒಂದು ಸಂಗತಿ ನೆನಪಿರಲಿ. ನೀರಿನ ಮೇಲೆ ಬಿಸಿಲಿನ ಪೆಟ್ಟು ಬೀಳುತ್ತಿರುವುದು ನಮ್ಮ ಅರಿವಿಗೆ ಬರುವುದಿಲ್ಲ.

ಅರಿವಾಗುವುದಿಲ್ಲ, ಏಕೆ?

ನೆಲದ ಮೇಲೆ ಬೆವರು ಸುರಿದರೆ ನೆರಳು ಹುಡುಕುತ್ತೇವೆ. ಕಯಾಕ್‌ನಲ್ಲಿ ಬೆವರು ಬಂದಂತೆಲ್ಲ ಗಾಳಿಗೆ ಆರುತ್ತದೆ. ಉಳಿದದ್ದು ಮೈಮೇಲೆ ಸಿಡಿದ ನೀರಿನೊಡನೆ ಬೆರೆತುಹೋಗುತ್ತದೆ. ದೇಹ ನೀರನ್ನೂ ಲವಣವನ್ನೂ ಕಳೆದುಕೊಳ್ಳುತ್ತಿದ್ದರೂ ಹಾಯೆನಿಸುತ್ತದೆ. ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳಂತೂ ಬಿಸಿಯಾಗಿ ಅನುಭವಕ್ಕೆ ಬರುವುದೇ ಇಲ್ಲ. ಒಣ ಮರಳು ಈ ಕಿರಣಗಳಲ್ಲಿ ಸುಮಾರು ಶೇಕಡ 15ರಷ್ಟನ್ನು, ಅಲೆಗಳ ನೊರೆ ಸುಮಾರು ಶೇಕಡ 25ರಷ್ಟನ್ನು ಪ್ರತಿಫಲಿಸುತ್ತದೆ. ಹಾಗಾಗಿ ಟೋಪಿ ಧರಿಸಿದರೂ ಗಲ್ಲ, ಕುತ್ತಿಗೆಗಳು ಸುಡುತ್ತವೆ.

ದಡದಲ್ಲಿ ತಲೆ ಸುತ್ತಿದರೆ ಕುಳಿತುಕೊಳ್ಳಬಹುದು. ದಡದಿಂದ ದೂರದಲ್ಲಿ ತಲೆ ಸುತ್ತಿ, ತೋಳಿನ ಸ್ನಾಯು ಸೆಡೆತರೆ ಹುಟ್ಟು ಹಾಕಿ ಮರಳುವುದು ಹೇಗೆ? ಅಪಾಯ ಇರುವುದು ಇಲ್ಲಿಯೇ.

ಹೊರಡುವ ಮುನ್ನ

* ಬೆಳಿಗ್ಗೆ 10ರೊಳಗೆ ಅಥವಾ ಸಂಜೆ 4ರ ನಂತರ ನೀರಿಗಿಳಿಯಿರಿ. ಮಳೆಗಾಲದಲ್ಲಿ ಕಡಲಿಗಿಳಿಯಲೇಬೇಡಿ.

* ತುಂಬುತೋಳಿನ ತೆಳು ಅಂಗಿ, ಅಗಲ ಅಂಚಿನ ಟೋಪಿ ಧರಿಸಿ. ಎಸ್.ಪಿ.ಎಫ್. 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಲೇಪಿಸಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿರಿ.

* ಈಜು ಬಲ್ಲವರೂ ಲೈಫ್ ಜಾಕೆಟ್ ತೊಟ್ಟು, ಪಟ್ಟಿ ಬಿಗಿದುಕೊಳ್ಳಬೇಕು. ಕಯಾಕ್ ಮಗುಚಿದರೆ ಅದನ್ನು ಬಿಡದೆ ಹಿಡಿದುಕೊಂಡಿರಿ.

* ನಮ್ಮ ಕರಾವಳಿಯಲ್ಲಿ ಮುಂಜಾನೆ ಸಾಮಾನ್ಯವಾಗಿ ನೆಲದಿಂದ ಕಡಲಿನತ್ತ ಗಾಳಿ ಬೀಸುತ್ತದೆ. ಹೋಗುವಾಗ ಸಲೀಸೆನಿಸಿದ ದಾರಿ ಮರಳುವಾಗ ದುಪ್ಪಟ್ಟು ಶ್ರಮ ಬೇಡುತ್ತದೆ. ಅರ್ಧ ಶಕ್ತಿ ಉಳಿದಿರುವಾಗಲೇ ಹಿಂದಿರುಗಿ.

ಏನು ಕುಡಿಯಬೇಕು?

ಪ್ರತಿಯೊಬ್ಬರಿಗೂ ಒಂದು ಲೀಟರ್ ನೀರು ಜೊತೆಗಿರಲಿ. ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೊಮ್ಮೆ ಗುಟುಕರಿಸಿ. ದಡಕ್ಕೆ ಬಂದ ಮೇಲೆ ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಮುರುಗಲ ಹಣ್ಣಿನ ಶರಬತ್ತು ಒಳ್ಳೆಯದು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ.

ಕಡಲ ನೀರನ್ನು ಎಂದೂ ಕುಡಿಯಬಾರದು. ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಖರ್ಚು ಮಾಡಬೇಕಾಗುತ್ತದೆ. ಮದ್ಯ ಸೇವಿಸಿ ನೀರಿಗಿಳಿಯುವುದು ಪ್ರಾಣಕ್ಕೇ ಎರವಾದೀತು.

ರಕ್ತದೊತ್ತಡ ಅಥವಾ ಹೃದ್ರೋಗಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು, ಮಧುಮೇಹಿಗಳು ಪ್ರವಾಸಕ್ಕೆ ಮುನ್ನ ವೈದ್ಯರನ್ನು ಕಾಣಿರಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಸಲ್ಲದು.

ಲಕ್ಷಣ ಮತ್ತು ಪ್ರಥಮ ಚಿಕಿತ್ಸೆ

ತಲೆನೋವು, ಓಕರಿಕೆ, ಸ್ನಾಯು ಸೆಳೆತ, ಗಾಢ ಹಳದಿ ಮೂತ್ರ - ಇವು ಎಚ್ಚರಿಕೆಯ ಲಕ್ಷಣಗಳು. ಕೂಡಲೇ ದಡಕ್ಕೆ ಬಂದು ನೆರಳಿನಲ್ಲಿ ಮಲಗಿಸಿ, ನೀರು ಕುಡಿಸಿ.

ಮಾತು ತೊದಲಿದರೆ, ಗಲಿಬಿಲಿಯಾದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತವಿರಬಹುದು. ಇದರಲ್ಲಿ ಮೈಯ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಸುಮ್ಮನೆ ಕೂರಬೇಡಿ. ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಮಂಜುಗಡ್ಡೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಗೆ ಈ ತಾಪ ಇಳಿಯುವುದಿಲ್ಲ.

ಮಕ್ಕಳು ಆಟದ ಖುಷಿಯಲ್ಲಿ ಆಯಾಸವನ್ನು ಹೇಳುವುದಿಲ್ಲ. ಹಿರಿಯರು ಸಂಕೋಚದಿಂದ ಹೇಳುವುದಿಲ್ಲ. ಆದ್ದರಿಂದ ಮನೆಯವರಲ್ಲಿ ಒಬ್ಬರು ದಡದಲ್ಲೇ ಉಳಿದು, ಕೈಗಡಿಯಾರ ನೋಡುತ್ತಾ ಎಲ್ಲರನ್ನೂ ಸಮಯಕ್ಕೆ ಸರಿಯಾಗಿ ವಾಪಸು ಕರೆಯುವ ಹೊಣೆ ಹೊತ್ತುಕೊಳ್ಳಲಿ.