ಮರಗಳ ನಡುವೆ ಡಿಸ್ಕ್ ಎಸೆಯುವವರಿಗೆ ಕಿವಿಮಾತು

ಕೆಲಸಕ್ಕೆಂದು ಚಾರ್ಲಟ್‌ಗೆ ಬಂದು, ವಾರಾಂತ್ಯದಲ್ಲಿ ಡಿಸ್ಕ್ ಗಾಲ್ಫಿನ ರುಚಿ ಹತ್ತಿಸಿಕೊಂಡಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2012ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದ ಊರು ಇದು. ಪಾಲ್ ಮೆಕ್‌ಬೆತ್ ತನ್ನ ಮೊದಲ ವಿಶ್ವ ಪಟ್ಟ ಗೆದ್ದದ್ದು ಇಲ್ಲೇ. ಬಯಲಿನಲ್ಲಿ ನೀವೆಲ್ಲ ಚೆನ್ನಾಗಿಯೇ ಎಸೆಯುತ್ತೀರಿ. ಹಾರ್ನೆಟ್ಸ್ ನೆಸ್ಟ್‌ನಂಥ ಕಾಡಿನೊಳಗೆ ಕಾಲಿಟ್ಟ ಮೇಲೆ ಲೆಕ್ಕ ಬೇರೆ. ಅಲ್ಲಿ ತೋಳಿನ ಬಲಕ್ಕಿಂತ, ಮುಂದಿನ ಎಸೆತ ಎಲ್ಲಿಂದ ಎಂಬ ಯೋಚನೆ ಮುಖ್ಯ.

• ಟೀ ಮೇಲೆ ನಿಂತಾಗ ಮೊದಲು ಬ್ಯಾಸ್ಕೆಟ್ ಹುಡುಕಬೇಡಿ. ಡಿಸ್ಕ್ ಎಲ್ಲಿ ಬಿದ್ದರೆ ಎರಡನೇ ಎಸೆತಕ್ಕೆ ದಾರಿ ತೆರೆದಿರುತ್ತದೆ, ಆ ಜಾಗ ಹುಡುಕಿ. ಗುರುತು ಸಿಗದಿದ್ದರೆ ನಡೆದುಹೋಗಿ ನೋಡಿ ಬನ್ನಿ. ಹಿಂದೆ ಕಾಯುವವರಿದ್ದರೆ ಆಟ ಮುಗಿದ ಮೇಲಾದರೂ ಒಮ್ಮೆ ನೋಡಿಕೊಳ್ಳಿ.

• ಸಂದುಗಳ ಲೆಕ್ಕವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಎರಡು ಮರಗಳ ನಡುವೆ 2 ಮೀಟರ್ ಸಂದು ಇದೆ ಎನ್ನಿ. ಅದು 10 ಮೀಟರ್ ದೂರದಲ್ಲಿದ್ದರೆ ನಿಮ್ಮ ಗುರಿ ಎಡಕ್ಕೋ ಬಲಕ್ಕೋ ಸುಮಾರು 5 ಡಿಗ್ರಿ ತಪ್ಪಿದರೂ ಡಿಸ್ಕ್ ದಾಟಿ ಹೋಗುತ್ತದೆ. ಅದೇ ಸಂದು 40 ಮೀಟರ್ ಆಚೆ ಇದ್ದರೆ ಒಂದು ಡಿಗ್ರಿ ಚಿಲ್ಲರೆ ಮಾತ್ರ ಉಳಿಯುತ್ತದೆ. ಹೊಸಬರು ಹೆದರುವುದು ಕಣ್ಣೆದುರಿನ ಮರಕ್ಕೆ, ಸಿಕ್ಕಿಬೀಳುವುದು ದೂರದ ಮರಕ್ಕೆ. ಹತ್ತಿರದ ಸಂದನ್ನು ಧೈರ್ಯವಾಗಿ ದಾಟಿಸಿ, ದೂರದ ಸಂದಿನ ಮುಂದೆ ಬಂದು ನಿಲ್ಲುವಂತೆ ಎಸೆಯಿರಿ. ಅಲ್ಲಿಂದ ನೋಡಿದರೆ ಆ ಸಂದೂ ಹತ್ತಿರದ್ದೇ ಆಗಿರುತ್ತದೆ. ಎರಡನ್ನೂ ಒಂದೇ ಎಸೆತದಲ್ಲಿ ದಾಟುವ ಆಸೆಯೇ ಕಾಡಿನ ಆಟದಲ್ಲಿ ಹೆಚ್ಚು ಅಂಕ ತಿನ್ನುವುದು. ಇದೊಂದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

• ಎಸೆಯುವಾಗ ಕಣ್ಣು ಸಂದಿನ ನಡುವಿನ ಖಾಲಿ ಜಾಗದ ಮೇಲಿರಲಿ. ಮರವನ್ನೇ ದಿಟ್ಟಿಸಿದರೆ ಕೈಯೂ ಅತ್ತಲೇ ತಿರುಗುತ್ತದೆ.

• ವೇಗದ ಡ್ರೈವರ್ ಚೀಲದಲ್ಲೇ ಇರಲಿ. ಡಿಸ್ಕಿನ ಮೇಲೆ ಬರೆದಿರುವ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ವೇಗ. 12, 13 ಎಂದಿರುವ ಡಿಸ್ಕ್ ತಕ್ಕಷ್ಟು ವೇಗ ಸಿಗದೇ ಹೋದರೆ ಬೇಗ ಪಕ್ಕಕ್ಕೆ ಬಾಗಿ ಪೊದೆ ಸೇರುತ್ತದೆ. ಮರಕ್ಕೆ ಬಡಿದರಂತೂ ಎತ್ತಲೋ ಚಿಮ್ಮಿ ಇನ್ನೂ ಆಳಕ್ಕೆ ಹೋಗುತ್ತದೆ. ಬಜ್‌ನಂಥ 5ರ ವೇಗದ ಮಿಡ್‌ರೇಂಜ್, ಏವಿಯಾರ್‌ನಂಥ 2ರ ವೇಗದ ಪಟರ್ ನೇರ ಹೋಗುತ್ತವೆ, ಬಡಿದರೂ ಹತ್ತಿರದಲ್ಲೇ ಬೀಳುತ್ತವೆ. ಟೀಯಿಂದ ಪಟರ್ ಎಸೆದರೆ ಜೊತೆಯವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. 2023ರಲ್ಲಿ ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್‌ನಲ್ಲಿ, ಕಾಡಿನೊಳಗಿನ ಬ್ರೂಸ್ಟರ್ ರಿಡ್ಜ್ ಕೋರ್ಸ್ ಕೂಡ ಸೇರಿದ್ದ ವಿಶ್ವ ಚಾಂಪಿಯನ್‌ಷಿಪ್ ಗೆದ್ದವರು ಐಸಾಕ್ ರಾಬಿನ್ಸನ್. ಮರುವರ್ಷ ವರ್ಜೀನಿಯಾದಲ್ಲೂ ಅವರೇ ಗೆದ್ದರು. ಅವರ ಆಟದ ವಿಡಿಯೋ ಹಾಕಿಕೊಂಡು, ಎಷ್ಟು ಮೃದುವಾಗಿ ಎಸೆಯುತ್ತಾರೆ ಎಂಬುದನ್ನಷ್ಟೇ ಗಮನಿಸಿ.

• ಬ್ಯಾಕ್‌ಹ್ಯಾಂಡ್ ಒಂದರಿಂದಲೇ ಕಾಡು ದಾಟಲಾಗದು. ಬಲಗೈಯವರ ಬ್ಯಾಕ್‌ಹ್ಯಾಂಡ್ ಕೊನೆಯಲ್ಲಿ ಎಡಕ್ಕೆ ಬಾಗುತ್ತದೆ, ಫೋರ್‌ಹ್ಯಾಂಡ್ ಬಲಕ್ಕೆ. ದಾರಿ ಬಲಕ್ಕೆ ತಿರುಗುವ ಹೋಲ್‌ಗಳಲ್ಲಿ ಫೋರ್‌ಹ್ಯಾಂಡ್ ಬಾರದವರು ಪ್ರತಿ ಸಲ ದಂಡ ತೆರುತ್ತಾರೆ. ಕ್ರಿಕೆಟ್‌ನಲ್ಲಿ ಕವರ್ಸ್‌ನಿಂದ ಸ್ಟಂಪ್‌ಗೆ ತಗ್ಗಿನಲ್ಲಿ ಎಸೆದು ಪಳಗಿದ ಕೈ ನಿಮ್ಮದಾದರೆ ಇದು ಬೇಗ ಒಲಿಯುತ್ತದೆ. ಆದರೆ ಬೌಂಡರಿಯಿಂದ ಕೀಪರ್‌ಗೆ ಎಸೆಯುವ ಹಾಗೆ ತಲೆಯ ಮೇಲಿಂದ ಎಸೆಯುವ ಮೊದಲು ಕೊಂಬೆಗಳ ಎತ್ತರ ನೋಡಿಕೊಳ್ಳಿ.

• ಈಗ ಎಲ್ಲಕ್ಕಿಂತ ಕಷ್ಟದ ಮಾತು. ಡಿಸ್ಕ್ ದಟ್ಟ ಮರಗಳ ಹಿಂದೆ ಬಿದ್ದಿದೆ, ಎದುರಿಗೆ ಅಂಗೈಯಗಲದ ಕಿಂಡಿಯಲ್ಲಿ ಬ್ಯಾಸ್ಕೆಟ್ ಕಾಣುತ್ತಿದೆ. ಎಸೆಯಬೇಡಿ. ಪಕ್ಕಕ್ಕೋ ಹಿಂದಕ್ಕೋ ಮೆಲ್ಲಗೆ ತಳ್ಳಿ ದಾರಿಗೆ ತನ್ನಿ. ಹಾಗೆ ಬಂದರೆ ಕಳೆದುಕೊಳ್ಳುವುದು ಒಂದೇ ಎಸೆತ, ಅದೂ ಖಚಿತವಾಗಿ. ಕಿಂಡಿಗೆ ಎಸೆದು ಮರಕ್ಕೆ ಬಡಿದರೆ ಆ ಎಸೆತವೂ ಹೋಯಿತು, ಹೊರಬರಲು ಇನ್ನೊಂದೂ ಬೇಕು, ಕೆಲವೊಮ್ಮೆ ಮತ್ತೂ ಒಂದು. ಹತ್ತರಲ್ಲಿ ಏಳೆಂಟು ಸಲವಾದರೂ ದಾಟಿಸುತ್ತೇನೆ ಎಂದು ಮನಸ್ಸು ಪ್ರಾಮಾಣಿಕವಾಗಿ ಹೇಳಿದರೆ ಮಾತ್ರ ಪ್ರಯತ್ನಿಸಿ. ಹೆಜ್ಜೆ ಊರಲೂ ಆಗದ ಜಾಗವಾದರೆ ಒಂದು ದಂಡದ ಎಸೆತ ಒಪ್ಪಿಕೊಂಡು, ಬ್ಯಾಸ್ಕೆಟ್‌ನಿಂದ ಡಿಸ್ಕಿಗೆ ಎಳೆದ ನೇರ ಗೆರೆಯಲ್ಲೇ ಹಿಂದಕ್ಕೆ ಸರಿಯಲು ನಿಯಮದಲ್ಲಿ ಅವಕಾಶವಿದೆ.

• ಮಂಡಿಯೂರಿ ಎಸೆಯುವುದನ್ನು ಮನೆಯ ಹಿತ್ತಿಲಲ್ಲಿ ಅಭ್ಯಾಸ ಮಾಡಿ. ಮಾರ್ಕರ್‌ನ ಹಿಂದೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಪಾದವೋ ಮಂಡಿಯೋ ನೆಲ ಮುಟ್ಟಿದ್ದರೆ ಸಾಕು. ಕೊಂಬೆಗಳ ಕೆಳಗಿನಿಂದ ತಗ್ಗಿನಲ್ಲಿ ಎಸೆಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

• ಅಡ್ಡಬಂದ ಕೊಂಬೆಯನ್ನು ಮುರಿಯಬೇಡಿ, ಬಗ್ಗಿಸಿ ಕಟ್ಟಬೇಡಿ. ನಿಯಮದ ಪ್ರಕಾರ ಅದಕ್ಕೆ ದಂಡವಿದೆ. ದಂಡ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಡಿಸ್ಕ್ ಏಟು ತಿಂದು ತಿಂದು ತೊಗಟೆ ಕಿತ್ತುಹೋದ ಮರಗಳು ಪ್ರತಿ ಹಳೆಯ ಕೋರ್ಸ್‌ನಲ್ಲೂ ಇವೆ. ನಾವು ಆಡುತ್ತಿರುವುದು ಅವುಗಳ ಮನೆಯಲ್ಲಿ.

• ಪಟ್ ಮಾಡುವ ಮುಂಚೆ ಬ್ಯಾಸ್ಕೆಟ್‌ನ ಹಿಂದೇನಿದೆ ನೋಡಿ. ಇಳಿಜಾರೋ ಹಳ್ಳವೋ ಇದ್ದರೆ 15 ಮೀಟರ್‌ನಿಂದ ಸರಪಳಿಗೇ ಗುರಿಯಿಡುವ ಬದಲು ಪಕ್ಕದಲ್ಲಿ ನಿಲ್ಲಿಸಿ. 10 ಮೀಟರ್‌ನ ಒಳಗೆ, ಎಸೆದ ಮೇಲೆ ಸಮತೋಲನದಲ್ಲಿ ನಿಂತು ತೋರಿಸಿಯೇ ಮುಂದೆ ಹೆಜ್ಜೆಯಿಡಬೇಕು. ಬೇರುಗಳ ಮೇಲೆ ನಿಂತಾಗ ಇದು ಸುಲಭವಲ್ಲ, ಪಾದ ಗಟ್ಟಿಯಾಗಿ ಊರಿಕೊಳ್ಳಿ.

• ಅಭ್ಯಾಸಕ್ಕೆ ವಾರಕ್ಕೊಂದು ಸಲ ಪಟರ್ ಒಂದನ್ನೇ ಹಿಡಿದು ಪೂರ್ತಿ ಕೋರ್ಸ್ ಆಡಿ. ನೇರ ಎಸೆಯುವುದು ತಾನಾಗಿ ಬರುತ್ತದೆ.

• ತಿರುವಿನಾಚೆ ಕಾಣದ ಹೋಲ್‌ಗಳಲ್ಲಿ ಮುಂದಿನ ಗುಂಪು ಹೊರಟಿದೆಯೇ, ನಡಿಗೆಯವರು ಯಾರಾದರೂ ಇದ್ದಾರೆಯೇ ಎಂದು ಒಬ್ಬರು ಹೋಗಿ ನೋಡಿ ಕೂಗಿ ಹೇಳಿ. ಚೂಪು ಅಂಚಿನ ಡಿಸ್ಕ್ ಮುಖಕ್ಕೆ ಬಡಿದರೆ ಹಲ್ಲು, ಕಣ್ಣು ಎರಡಕ್ಕೂ ಅಪಾಯ. ಅಂಕ ಆಮೇಲೆ.

• ಪೊದೆಗೆ ಕೈ ಹಾಕುವ ಮುನ್ನ ನೆಲ ನೋಡಿ. ಕ್ಯಾರೊಲೈನಾದ ಕಾಪರ್‌ಹೆಡ್ ಹಾವು ಒಣ ಎಲೆಯ ಬಣ್ಣದ್ದು. ಮೂರು ಮೂರು ಎಲೆಗಳ ಪಾಯ್ಸನ್ ಐವಿ ಬಳ್ಳಿ ಮುಟ್ಟಿದರೆ ವಾರಗಟ್ಟಲೆ ತುರಿಕೆ. ಉಣುಗಿನ ಭಯ ಏನೆಂದು ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಉಳಿದವರು ಉದ್ದ ಕಾಲುಚೀಲ ಹಾಕಿ, ಮನೆಗೆ ಹೋದೊಡನೆ ಮೈ ಪರೀಕ್ಷಿಸಿಕೊಳ್ಳಿ.

• ನವೆಂಬರ್ ಹೊತ್ತಿಗೆ ಎಲೆ ಉದುರಿ ಸಂದುಗಳು ತೆರೆದುಕೊಳ್ಳುತ್ತವೆ, ಡಿಸ್ಕ್ ಮಾತ್ರ ಎಲೆಯಡಿ ಮಾಯವಾಗುತ್ತದೆ. ಕೆಂಪು, ಕಂದು, ಹಸಿರು ಡಿಸ್ಕ್‌ಗಳನ್ನು ಆಗ ಮನೆಯಲ್ಲೇ ಬಿಟ್ಟು ಕಡುಗುಲಾಬಿಯವನ್ನು ತನ್ನಿ. ಒಬ್ಬರು ಎಸೆಯುವಾಗ ಉಳಿದವರು ಮಾತು ನಿಲ್ಲಿಸಿ, ಯಾವ ಮರದ ಬಳಿ ಬಿತ್ತು ಎಂದು ಗುರುತಿಟ್ಟುಕೊಳ್ಳಿ. ಹುಡುಕಲು ಸಿಗುವುದು 3 ನಿಮಿಷ. ಆಮೇಲೆ ದಂಡ ಸೇರಿಸಿಕೊಂಡು ಹಿಂದಿನ ಜಾಗಕ್ಕೇ ಮರಳಬೇಕು. ಡಿಸ್ಕಿನ ಹಿಂಬದಿ ಹೆಸರು, ಫೋನ್ ನಂಬರ್ ಬರೆದಿಡಿ. ಬೇರೆಯವರದು ಸಿಕ್ಕಿದರೆ ಅಂದೇ ಫೋನ್ ಮಾಡಿ ತಿಳಿಸಿ.