ಸಣ್ಣ ಜಾತಿಯ ನಾಯಿಗೆ ಒಣ ಆಹಾರವನ್ನು ಆಯುವ ಬಗೆ

ನಾಯಿಯನ್ನು ಸಾಕುವುದು ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ನಾಯಿಯು ಮನೆಯವರು ಉಂಡುಳಿದ ಅನ್ನವನ್ನೋ ಮುದ್ದೆಯನ್ನೋ ತಿಂದು, ಸಾಲದುದನ್ನು ಬೀದಿಯಲ್ಲಿಯೂ ಹೊಲದಲ್ಲಿಯೂ ತಾನೇ ಸಂಪಾದಿಸಿಕೊಳ್ಳುತ್ತಿತ್ತು. ಈಗಲಾದರೋ ನಡುವಟ್ಟಂ, ಗೂಡಲೂರು, ಉದಕಮಂಡಲಗಳ ಅನೇಕ ಮನೆಗಳಲ್ಲಿ ಪೊಮೆರೇನಿಯನ್, ಸ್ಪಿಟ್ಜ್, ಡ್ಯಾಶ್‌ಹುಂಡ್, ಪಗ್ ಮೊದಲಾದ ಸಣ್ಣ ಜಾತಿಯ ನಾಯಿಗಳು ಬಾಗಿಲೊಳಗೆ ಬೆಳೆಯುತ್ತಿವೆ. ಚಿರತೆಯ ಭಯವಿರುವ ಈ ಬೆಟ್ಟದ ಊರುಗಳಲ್ಲಿ ಅವುಗಳನ್ನು ಹೊರಗೆ ಬಿಡುವಂತೆಯೂ ಇಲ್ಲ. ಆದುದರಿಂದ ಇಂತಹ ನಾಯಿಯು ನಾವು ಇಕ್ಕಿದುದನ್ನಲ್ಲದೆ ಬೇರೇನನ್ನೂ ತಿನ್ನಲಾರದು. ನಮ್ಮ ತಿಳಿವಳಿಕೆಯೇ ಅದರ ಆರೋಗ್ಯ. ನಮ್ಮ ಅಜ್ಞಾನವೇ ಅದರ ರೋಗ. ಅಂಗಡಿಯಲ್ಲಿ ಚೀಲಗಟ್ಟಲೆ ಮಾರುವ ಒಣ ಆಹಾರಗಳಲ್ಲಿ ಒಳ್ಳೆಯದು ಯಾವುದು ಎಂಬುದನ್ನು ಚಿತ್ರವನ್ನು ನೋಡಿಯಲ್ಲ, ಲೆಕ್ಕವನ್ನು ಮಾಡಿ ತಿಳಿಯುವ ಬಗೆಯನ್ನು ವಿದ್ಯಾರ್ಥಿಗಳಿಗೂ ಅವರ ಹಿರಿಯರಿಗೂ ಇಲ್ಲಿ ವಿವರಿಸಲಾಗುವುದು.

1. ಆಹಾರಶಾಸ್ತ್ರವೂ ನಮ್ಮ ನೀಲಗಿರಿಯೂ

ಆಹಾರಶಾಸ್ತ್ರವು ನಮಗೆ ದೂರದ ವಿದ್ಯೆಯೇನೂ ಅಲ್ಲ. ನಮ್ಮ ಜಿಲ್ಲೆಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಯು ಸ್ಥಾಪಿತವಾಯಿತು. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡುವುದು ಅದರ ಮೊದಲ ಉದ್ದೇಶವಾಗಿದ್ದಿತು. ಅಲ್ಲಿಯೇ 1918ರಲ್ಲಿ ರಾಬರ್ಟ್ ಮೆಕ್ಕ್ಯಾರಿಸನ್ ಎಂಬ ವೈದ್ಯರು ಆಹಾರದ ಕೊರತೆಯಿಂದ ಬರುವ ರೋಗಗಳ ಶೋಧನೆಯನ್ನು ಕೈಗೊಂಡರು. ಭಾರತದ ಬೇರೆ ಬೇರೆ ಪ್ರಾಂತಗಳ ಜನರು ಉಣ್ಣುವ ಊಟಗಳನ್ನೇ ಇಲಿಗಳ ಗುಂಪುಗಳಿಗೆ ಇಕ್ಕಿ, ಯಾವ ಗುಂಪು ಪುಷ್ಟವಾಗಿ ಬೆಳೆಯಿತು, ಯಾವುದು ಕೃಶವಾಯಿತು ಎಂಬುದನ್ನು ಅವರು ಅಳೆದರು. ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿಗಳಿದ್ದ ಊಟ ಗೆದ್ದಿತು. ಹೆಚ್ಚಾಗಿ ಬರಿಯ ಅಕ್ಕಿಯನ್ನೇ ನೆಚ್ಚಿದ ಊಟ ಸೋತಿತು. ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಈ ಶಾಸ್ತ್ರಕ್ಕೆ ನಾಯಿಯ ಋಣವೂ ಉಂಟು. ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್ಬಿಯವರು 1918–19ರ ಸುಮಾರಿನಲ್ಲಿ, ಕೊರತೆಯುಳ್ಳ ಆಹಾರದಿಂದ ನಾಯಿಮರಿಗಳ ಎಲುಬು ಮೆತ್ತಗಾಗಿ ಬಾಗುವುದನ್ನೂ, ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂಬುದನ್ನೂ ತೋರಿಸಿದರು. ಅಮೆರಿಕದ ಕಾನ್ರಾಡ್ ಎಲ್ವೆಹೆಮ್ ಅವರು 1937ರಲ್ಲಿ ನಾಯಿಗಳ ಕರಿನಾಲಗೆ ರೋಗವನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ಅದರಿಂದ ಮನುಷ್ಯರ ಪೆಲ್ಲಾಗ್ರ ರೋಗಕ್ಕೂ ಮದ್ದು ದೊರೆಯಿತು. ಹೊಟ್ಟೆ ತುಂಬುವುದೇ ಬೇರೆ, ದೇಹ ಪೋಷಿತವಾಗುವುದೇ ಬೇರೆ ಎಂಬುದು ಇವೆಲ್ಲದರ ಸಾರ. ಅನ್ನ ಮೊಸರುಗಳಿಂದ ನಾಯಿಯ ಹೊಟ್ಟೆ ತುಂಬುವುದು ನಿಜ. ಆದರೆ ಅದರಲ್ಲಿ ಪ್ರೋಟೀನು ಕಡಿಮೆ. ಬರಿಯ ಅನ್ನ ಮಾಂಸಗಳನ್ನು ಇಕ್ಕಿದರೆ ಸುಣ್ಣಾಂಶ ಸಾಲದು. ಒಳ್ಳೆಯ ಒಣ ಆಹಾರದ ಪ್ರಯೋಜನವು ಈ ಕೊರತೆಗಳನ್ನು ಅಳತೆಯರಿತು ತುಂಬುವುದರಲ್ಲಿದೆ.

2. ಸಣ್ಣ ದೇಹದ ದೊಡ್ಡ ಹಸಿವು

ನಾಯಿಯು ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ಶಕ್ತಿ ಬೇಕು. ಅದನ್ನು ಕಂಡುಹಿಡಿಯುವ ಕ್ರಮ ಹೀಗಿದೆ: ನಾಯಿಯ ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು ಅದರ ಘನವನ್ನು ಮಾಡಿ, ಎರಡು ಸಲ ವರ್ಗಮೂಲವನ್ನು ತೆಗೆದು, ಬಂದ ಸಂಖ್ಯೆಯನ್ನು 70ರಿಂದ ಗುಣಿಸತಕ್ಕದ್ದು.

4 ಕಿಲೋ ತೂಕದ ನಾಯಿಯನ್ನು ತೆಗೆದುಕೊಳ್ಳೋಣ. 4ರ ಘನ 64. ಅದರ ವರ್ಗಮೂಲ 8. ಮತ್ತೆ ವರ್ಗಮೂಲ 2.83, 70ರಿಂದ ಗುಣಿಸಿದರೆ 198 ಕಿಲೋಕ್ಯಾಲೊರಿ. 16 ಕಿಲೋ ತೂಕದ ನಾಯಿಗೆ ಇದೇ ಲೆಕ್ಕದಿಂದ 560 ಬರುವುದು. ತೂಕ ನಾಲ್ಕು ಪಟ್ಟಾದರೂ ಶಕ್ತಿಯ ಬೇಡಿಕೆ ಮೂರು ಪಟ್ಟನ್ನೂ ಮುಟ್ಟಲಿಲ್ಲ. ಒಂದೊಂದು ಕಿಲೋ ದೇಹಕ್ಕೆ ದೊಡ್ಡ ನಾಯಿಗೆ 35 ಬೇಕಾದರೆ ಸಣ್ಣದಕ್ಕೆ ಸುಮಾರು 50 ಬೇಕು. ಆದರೆ ಸಣ್ಣ ನಾಯಿಯ ಹೊಟ್ಟೆ ಚಿಕ್ಕದು, ಬಾಯಿ ಕಿರಿದು. ಆದುದರಿಂದ ಅದರ ಆಹಾರವು ಸ್ವಲ್ಪದರಲ್ಲಿಯೇ ಹೆಚ್ಚು ಶಕ್ತಿಯನ್ನು ಕೊಡುವಂತಹುದಾಗಿರಬೇಕು; ಅದರ ಕಾಳುಗಳು ಸಣ್ಣವಾಗಿರಬೇಕು. ‘ಸಣ್ಣ ತಳಿಗೆ’ ಎಂದು ಚೀಲದ ಮೇಲೆ ಬರೆದಿರುವುದಕ್ಕೆ ಇಷ್ಟರಮಟ್ಟಿಗೆ ಅರ್ಥವುಂಟು.

ಮೇಲಿನ ಸಂಖ್ಯೆ ವಿಶ್ರಾಂತಿಯ ಲೆಕ್ಕ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಳೆದ ನಾಯಿಗೆ ಇದರ 1.6ರಷ್ಟು, ಎಂದರೆ 4 ಕಿಲೋ ನಾಯಿಗೆ ದಿನಕ್ಕೆ 317 ಬೇಕಾಗುವುದು. ನಾಲ್ಕು ತಿಂಗಳೊಳಗಿನ ಮರಿಗೆ 3ರಷ್ಟು, ಅನಂತರ ಬೆಳೆಯುವ ತನಕ 2ರಷ್ಟು ಬೇಕು.

3. ಚೀಟಿಯನ್ನು ಓದುವ ಕ್ರಮ

ಚೀಲದ ಹಿಂಬದಿಯ ಚೀಟಿಯೇ ನಮ್ಮ ಪಠ್ಯ. ಅದರಲ್ಲಿ ನೋಡತಕ್ಕ ಸಂಗತಿಗಳು ನಾಲ್ಕು.

ಮೊದಲನೆಯದು, ಆಹಾರವು ‘ಸಂಪೂರ್ಣ ಮತ್ತು ಸಮತೋಲ’ವೆಂದೂ ಯಾವ ವಯಸ್ಸಿಗೆ ತಕ್ಕುದೆಂದೂ ಹೇಳುವ ಮಾತು. ಮರಿಗೆ ಮರಿಯ ಆಹಾರವೇ ಆಗಬೇಕು. ಅಮೆರಿಕದ ಆಹಾರಾಧಿಕಾರಿಗಳ ಸಂಘವಾದ ಆಫ್ಕೋ ವಿಧಿಸಿರುವಂತೆ, ತೇವವನ್ನು ಕಳೆದ ಮೇಲೆ, ಬೆಳೆಯುವ ಮರಿಯ ಆಹಾರದಲ್ಲಿ ಪ್ರೋಟೀನು ನೂರಕ್ಕೆ 22.5ಕ್ಕೂ ಕೊಬ್ಬು 8.5ಕ್ಕೂ ಕಡಿಮೆಯಿರಬಾರದು, ಬೆಳೆದ ನಾಯಿಗೆ ಪ್ರೋಟೀನು 18, ಕೊಬ್ಬು 5.5. ಸುಣ್ಣಾಂಶವು ರಂಜಕದ ಒಂದರಷ್ಟರಿಂದ ಎರಡರಷ್ಟರ ಒಳಗೆ ಇರಬೇಕು. ನಮ್ಮ ದೇಶದಲ್ಲಿಯೂ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 11968 ಎಂಬ ಮಾನಕವನ್ನು ರಚಿಸಿದೆ.

ಎರಡನೆಯದು, ತೇವ. ಒಣ ಆಹಾರದಲ್ಲಿ ಪ್ರೋಟೀನು 26, ತೇವ 10 ಎಂದಿದ್ದರೆ, 26ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ 28.9 ಬರುವುದು. ಡಬ್ಬಿಯ ಆಹಾರದಲ್ಲಿ ಪ್ರೋಟೀನು 8, ತೇವ 78 ಎಂದಿದ್ದರೆ 8ನ್ನು 22ರಿಂದ ಭಾಗಿಸಬೇಕು, 36.4 ಬರುವುದು. ಎಂಟು ದೊಡ್ಡದೋ ಇಪ್ಪತ್ತಾರು ದೊಡ್ಡದೋ ಎಂದು ಕಣ್ಣಳತೆಯಿಂದ ಹೇಳಿದವರು ಇಲ್ಲಿ ಸೋಲುವರು.

ಮೂರನೆಯದು, ಪದಾರ್ಥಗಳ ಪಟ್ಟಿ. ಬೇಯಿಸುವ ಮುಂಚಿನ ತೂಕದ ಇಳಿಕೆಯ ಕ್ರಮದಲ್ಲಿ ಇದನ್ನು ಬರೆಯುವರು. ಹಸಿಯ ಕೋಳಿಮಾಂಸದಲ್ಲಿ ಹೆಚ್ಚಿನ ಪಾಲು ನೀರೇ ಆದ್ದರಿಂದ, ಪಟ್ಟಿಯಲ್ಲಿ ಅದು ಮೊದಲಿದ್ದರೂ ಒಣಗಿದ ಮೇಲೆ ಕಿರಿದಾಗಬಹುದು. ಮುಸುಕಿನ ಜೋಳ, ಜೋಳದ ಹಿಟ್ಟು, ಜೋಳದ ತವುಡು ಎಂದು ಒಂದೇ ಧಾನ್ಯವನ್ನು ಮೂರಾಗಿ ಒಡೆದು ಕೆಳಗೆ ಬರೆದಿದ್ದರೆ ಅವನ್ನು ಕೂಡಿಸಿ ನೋಡತಕ್ಕದ್ದು. ಹಾಗೆಂದು ಧಾನ್ಯವು ನಾಯಿಗೆ ವಿಷವೆಂದು ತಿಳಿಯಬಾರದು. ತೋಳಕ್ಕಿಂತ ನಾಯಿಯು ಪಿಷ್ಟವನ್ನು ಚೆನ್ನಾಗಿ ಜೀರ್ಣಿಸಬಲ್ಲದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಧಾನ್ಯವಿಲ್ಲದೆ ಬಟಾಣಿ ಬೇಳೆಗಳನ್ನೇ ಹೆಚ್ಚಾಗಿ ಸೇರಿಸಿದ ಆಹಾರಗಳಿಗೂ ನಾಯಿಗಳ ಹೃದಯರೋಗಕ್ಕೂ ಸಂಬಂಧವುಂಟೇ ಎಂದು ಅಮೆರಿಕದ ಸರ್ಕಾರ 2018ರಲ್ಲಿ ವಿಚಾರಣೆಯನ್ನೇ ಆರಂಭಿಸಿತು.

ನಾಲ್ಕನೆಯದು, ಶಕ್ತಿ. ಇದನ್ನು ಬರೆಯದಿದ್ದರೆ ನಾವೇ ಎಣಿಸಬಹುದು. ಪ್ರೋಟೀನು 26, ಕೊಬ್ಬು 15, ನಾರು 3, ತೇವ 10, ಬೂದಿ 7. ಇವುಗಳ ಮೊತ್ತ 61. ಉಳಿದ 39 ಪಿಷ್ಟ. ಪ್ರೋಟೀನನ್ನೂ ಪಿಷ್ಟವನ್ನೂ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ ನೂರು ಗ್ರಾಮಿಗೆ 355. ನಮ್ಮ 4 ಕಿಲೋ ನಾಯಿಗೆ 317 ಬೇಕಾದುದರಿಂದ ದಿನಕ್ಕೆ ಸುಮಾರು 89 ಗ್ರಾಂ ಸಾಕು.

4. ಬೆಲೆಯ ವಿಚಾರ

ಬಡ ಸಂಸಾರಕ್ಕೆ ಬೆಲೆಯೂ ಮುಖ್ಯವೇ. ಆದರೆ ಚೀಲದ ಬೆಲೆಯನ್ನು ಹೋಲಿಸದೆ ದಿನದ ಬೆಲೆಯನ್ನು ಹೋಲಿಸಬೇಕು. ಉದಾಹರಣೆಗಾಗಿ, ಒಂದು ಆಹಾರ ಕಿಲೋಗೆ 300 ರೂಪಾಯಿ, ಅದರಲ್ಲಿ 3,000 ಕಿಲೋಕ್ಯಾಲೊರಿ. ಇನ್ನೊಂದು 360 ರೂಪಾಯಿ, ಅದರಲ್ಲಿ 4,000 ಎಂದು ಊಹಿಸೋಣ. ದಿನಕ್ಕೆ 317 ಬೇಕಾದ ನಾಯಿಗೆ ಮೊದಲನೆಯದರಿಂದ 31 ರೂಪಾಯಿ 70 ಪೈಸೆ, ಎರಡನೆಯದರಿಂದ 28 ರೂಪಾಯಿ 53 ಪೈಸೆ ವೆಚ್ಚವಾಗುವುದು. ಅಗ್ಗವೆಂದು ಕಂಡುದೇ ತುಟ್ಟಿಯಾಯಿತು!

5. ಮಳೆನಾಡಿನ ಶತ್ರು: ಬೂಷ್ಟು

ನಡುವಟ್ಟಂನ ಮುಂಗಾರು ಮಳೆಯನ್ನೂ ಮಂಜನ್ನೂ ಬಲ್ಲವರಿಗೆ ಈ ಭಾಗ ಎಲ್ಲಕ್ಕಿಂತ ಮುಖ್ಯ. ತೇವ ತಗುಲಿದ ಧಾನ್ಯದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುವುದು. ಅದು ಯಕೃತ್ತನ್ನು ಕೆಡಿಸುವುದು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಸತ್ತರು. ಆ ಮನೆಗಳ ನಾಯಿಗಳಿಗೂ ಅದೇ ರೋಗ ತಗುಲಿತು. ಇದರ ಕಾರಣವನ್ನು ಶೋಧಿಸಿದವರಲ್ಲಿ, ಕೂನೂರಿನಲ್ಲಿ ಮೊಳೆತ ಆ ಪೋಷಣ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಈ ವಿಷವು ಅಡಿಗೆಯ ಬಿಸಿಗೆ ನಾಶವಾಗುವುದಿಲ್ಲವಾದ್ದರಿಂದ, ಬೂಷ್ಟು ಹಿಡಿದುದನ್ನು ಒಣಗಿಸಿ ಇಕ್ಕುವ ಉಳಿತಾಯ ಬೇಡವೇ ಬೇಡ.

ಆದುದರಿಂದ, ಬಾಯಿ ಬಿಚ್ಚಿದ ಮೂಟೆಯಿಂದ ಬಿಡಿಯಾಗಿ ತೂಗಿ ಕೊಡುವುದನ್ನು ಕೊಳ್ಳಬಾರದು. ಅದರ ದಿನಾಂಕವೂ ತಿಳಿಯದು, ತೇವವೂ ತಿಳಿಯದು. ಅಗ್ಗವೆಂದು ದೊಡ್ಡ ಚೀಲವನ್ನೂ ತರಬಾರದು. ದಿನಕ್ಕೆ 89 ಗ್ರಾಂ ತಿನ್ನುವ ನಾಯಿಗೆ 10 ಕಿಲೋ ಚೀಲವು 112 ದಿನ ಬರುವುದು. ಬಿಚ್ಚಿದ ಚೀಲವನ್ನು ಸುಮಾರು ಆರು ವಾರಗಳಲ್ಲಿ ಮುಗಿಸುವುದು ಲೇಸು. 3 ಕಿಲೋ ಚೀಲವು 33 ದಿನಗಳಲ್ಲಿ ಮುಗಿಯುವುದರಿಂದ ಅದೇ ಯೋಗ್ಯ. ಆಹಾರವನ್ನು ಚೀಲದ ಸಮೇತ ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿ, ಒಲೆಯಿಂದಲೂ ತಂಡಿಯ ಗೋಡೆಯಿಂದಲೂ ದೂರವಿರಿಸಬೇಕು. ಉಳಿದ ಆಹಾರವನ್ನು ರಾತ್ರಿ ಅಂಗಳದಲ್ಲಿ ಬಿಟ್ಟರೆ ಕಾಡುಹಂದಿಗಳಿಗೆ ಕರೆಕೊಟ್ಟಂತೆ.

6. ಇಕ್ಕುವ ಕ್ರಮ

ಹೊಸ ಆಹಾರವನ್ನು ಒಮ್ಮೆಗೇ ಇಕ್ಕದೆ, ಏಳು ದಿನಗಳಲ್ಲಿ ಹಳೆಯದಕ್ಕೆ ಸ್ವಲ್ಪಸ್ವಲ್ಪವಾಗಿ ಬೆರಸುತ್ತ ಹೋಗಬೇಕು. ಸಣ್ಣ ಜಾತಿಯ ಮರಿಗಳು ಬಹಳ ಹೊತ್ತು ಹಸಿದರೆ ರಕ್ತದ ಸಕ್ಕರೆ ಇಳಿದು ಮೂರ್ಛೆ ಹೋಗಬಹುದು. ಅವಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಇಕ್ಕಬೇಕು. ಕುಡಿಯುವ ನೀರು ಸದಾ ಇರಲಿ. ಬಿಸ್ಕತ್ತು ಮುಂತಾದ ತಿನಿಸು ದಿನದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನು ಮೀರಬಾರದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ. ದೇಹ ಸಣ್ಣದಾದಷ್ಟೂ ಅಪಾಯ ಹೆಚ್ಚು.

ಅಳತೆಯೆಲ್ಲವೂ ಆರಂಭ ಮಾತ್ರ; ಕೊನೆಯ ಪರೀಕ್ಷೆ ನಾಯಿಯ ಮೈಯೇ. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಕೈಗೆ ಸಿಕ್ಕಬೇಕು. ಮೇಲಿನಿಂದ ನೋಡಿದರೆ ನಡು ಕಾಣಿಸಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವಿಡೀ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಳಿಗಿಂತ ಕಾಲುಭಾಗ ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬಾಳಿದವು. ಅತಿಯಾಗಿ ಇಕ್ಕುವುದು ಪ್ರೀತಿಯಲ್ಲ. ಮಾತಿಲ್ಲದ ಪ್ರಾಣಿಯು ತನ್ನ ಚೀಟಿಯನ್ನು ತಾನು ಓದಲಾರದು. ಅದರ ಪರವಾಗಿ ಓದುವುದು ಅಕ್ಷರ ಕಲಿತ ನಮ್ಮ ಕರ್ತವ್ಯ.

ಅಭ್ಯಾಸ

1. 9 ಕಿಲೋ ತೂಕದ ನಾಯಿಗೆ ವಿಶ್ರಾಂತಿಯಲ್ಲಿ ಬೇಕಾಗುವ ಶಕ್ತಿಯೆಷ್ಟು? (ಉತ್ತರ: ಸುಮಾರು 364 ಕಿಲೋಕ್ಯಾಲೊರಿ)
2. ಪ್ರೋಟೀನು 24, ತೇವ 12 ಇರುವ ಆಹಾರದಲ್ಲಿ ತೇವ ಕಳೆದ ಪ್ರೋಟೀನು ನೂರಕ್ಕೆ ಎಷ್ಟು? ಅದು ಮರಿಗೆ ಸಾಕೇ? (ಉತ್ತರ: 27.3, ಸಾಕು)
3. ನಿಮ್ಮ ನೆರೆಯ ಅಂಗಡಿಯಲ್ಲಿರುವ ಎರಡು ಚೀಲಗಳ ಚೀಟಿಗಳನ್ನು ಬರೆದುಕೊಂಡು ದಿನದ ಬೆಲೆಯನ್ನು ಹೋಲಿಸಿರಿ.