‘ಬ್ಯಾಲೆನ್ಸ್’ ಎಂದರೆ ನಮ್ಮ ಶಿಲ್ಕೋ, ನಮ್ಮ ಬಾಕಿಯೋ?



ಈ ಪಾಠದಲ್ಲಿ ಒಂದೇ ಒಂದು ಮಾತು ಕಲಿಯೋಣ. ಅದು ‘ಬ್ಯಾಲೆನ್ಸ್’. ಇದು ಇಂಗ್ಲಿಷ್ ಮಾತು. ಆದರೆ ಉಮರ್ಗಾ, ನಿಲಂಗಾ, ಉದಗೀರ ಕಡೆ ಇದನ್ನು ಕೇಳದವರು ಇಲ್ಲ. ಬ್ಯಾಂಕಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಎಲ್ಲಾ ಕಡೆ ಇದೇ ಮಾತು. ಮಾತು ಒಂದೇ, ಅರ್ಥ ಮಾತ್ರ ಬೇರೆ ಬೇರೆ. ಒಂದು ಕಡೆ ಅದು ನಿಮ್ಮ ರೊಕ್ಕ. ಇನ್ನೊಂದು ಕಡೆ ಅದು ನಿಮ್ಮ ಸಾಲ. ಅದಕ್ಕೇ ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

1. ಮೂಲ ಅರ್ಥ

ಬ್ಯಾಲೆನ್ಸ್ ಎಂದರೆ ಮೊದಲು ತಕ್ಕಡಿ. ಹಳೆಯ ಲ್ಯಾಟಿನ್ ಭಾಷೆಯಲ್ಲಿ ‘ಎರಡು ತಟ್ಟೆ ಇರುವುದು’ ಎಂಬ ಮಾತಿನಿಂದ ಇದು ಬಂದಿದೆ. ಲೆಕ್ಕವೂ ತಕ್ಕಡಿಯ ಹಾಗೆಯೇ ನೋಡ್ರಿ. ಒಂದು ತಟ್ಟೆಯಲ್ಲಿ ಜಮಾ, ಇನ್ನೊಂದು ತಟ್ಟೆಯಲ್ಲಿ ಖರ್ಚು. ಎರಡರ ನಡುವೆ ಉಳಿಯುವ ವ್ಯತ್ಯಾಸವೇ ಬ್ಯಾಲೆನ್ಸ್.

2. ಗಟ್ಟಿಯಾಗಿ ಓದಿರಿ

“ಸೈಕಲ್ ಮ್ಯಾಲ ಬ್ಯಾಲೆನ್ಸ್ ತಪ್ಪಿ ಬಿದ್ದ.” ಇಲ್ಲಿ ಅರ್ಥ ಸಮತೋಲ. ಆಡುಮಾತಿನಲ್ಲಿ ಜೋಲಿ ತಪ್ಪಿತು ಅಂತೀವಿ.

“ಮೊಬೈಲಿನಾಗ ಬ್ಯಾಲೆನ್ಸ್ ಇಲ್ಲ.” ಅಂದರೆ, ಮೊದಲೇ ತುಂಬಿದ ರೊಕ್ಕ ಮುಗಿದಿದೆ.

“ಟಿಕೇಟಿನ ಹಿಂದ ಬ್ಯಾಲೆನ್ಸ್ ಬರದೀನಿ, ಇಳಿಯೋವಾಗ ತಗೋರಿ.” ಇದು ಕಂಡಕ್ಟರ್ ನಿಮಗೆ ಕೊಡಬೇಕಾದ ಚಿಲ್ಲರೆ. ಇಳಿಯುವಾಗ ಮರೆಯಬೇಡಿ.

“ಪಾಸ್‌ಬುಕ್ಕಿನಾಗ ಬ್ಯಾಲೆನ್ಸ್ ಎಷ್ಟದ?” ಇಲ್ಲಿ ಅರ್ಥ ಶಿಲ್ಕು. ಖಾತೆಯಲ್ಲಿ ಉಳಿದಿರುವ ನಿಮ್ಮ ರೊಕ್ಕ.

“ಯಕ್ಕಾ, ಹ್ವಾದ ತಿಂಗಳದ್ದು 350 ರೂಪಾಯಿ ಬ್ಯಾಲೆನ್ಸ್ ಅದ.” ಕಿರಾಣಿ ಅಂಗಡಿಯವರು ಹೀಗಂದರೆ ಅರ್ಥ ಬಾಕಿ. ಉದ್ರಿ ತಂದದ್ದಕ್ಕೆ ನೀವು ಕೊಡಬೇಕಾದ ರೊಕ್ಕ.

3. ಅಂಕಿ ಒಂದೇ, ಪುಸ್ತಕ ಎರಡು

ಒಬ್ಬ ತಾಯಿಯ ಬಳಿ ಎರಡು ಪುಸ್ತಕ ಇವೆ ಎಂದು ತಿಳಿಯಿರಿ. ಒಂದು ಉಳಿತಾಯ ಖಾತೆಯದು. ಇನ್ನೊಂದು ಬಚತ್ ಗಟದ ಸಾಲದ್ದು.

ಉಳಿತಾಯ ಖಾತೆಯಲ್ಲಿ ಆಕೆ 20,000 ರೂಪಾಯಿ ತುಂಬಿದ್ದಾಳೆ. 12,000 ತೆಗೆದಿದ್ದಾಳೆ. ಬ್ಯಾಲೆನ್ಸ್ 8,000.

ಬಚತ್ ಗಟದಿಂದ ಆಕೆ 20,000 ಸಾಲ ಪಡೆದಿದ್ದಾಳೆ. ಅಸಲಿನಲ್ಲಿ 12,000 ತೀರಿಸಿದ್ದಾಳೆ. ಬ್ಯಾಲೆನ್ಸ್ 8,000.

ಎರಡೂ ಪುಸ್ತಕದಲ್ಲಿ ಅದೇ ಮಾತು, ಅದೇ ಅಂಕಿ. ಆದರೆ ಮೊದಲನೆಯದು ಆಕೆಯ ಕೈಗೆ ಬರುವ ರೊಕ್ಕ. ಎರಡನೆಯದು ಆಕೆಯ ಕೈಯಿಂದ ಹೋಗುವ ರೊಕ್ಕ. ಅಂಕಿ ಓದಲು ಬಂದರೆ ಸಾಲದು. ಯಾವ ಪುಸ್ತಕದ ಅಂಕಿ ಎಂದೂ ನೋಡಬೇಕು.

ಕೆಲವು ಪಾಸ್‌ಬುಕ್ಕುಗಳಲ್ಲಿ ಬ್ಯಾಲೆನ್ಸಿನ ಪಕ್ಕ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ‘ಸಿ-ಆರ್’ ಎಂದಿದ್ದರೆ ಅದು ನಿಮ್ಮ ಶಿಲ್ಕು. ‘ಡಿ-ಆರ್’ ಎಂದಿದ್ದರೆ ಅದು ನೀವು ಬ್ಯಾಂಕಿಗೆ ಕೊಡಬೇಕಾದದ್ದು. ಈ ಅಕ್ಷರಗಳ ಗುರುತನ್ನು ನಿಮ್ಮ ಕಲಿಕಾ ಕೇಂದ್ರದಲ್ಲಿ ಬರೆಸಿಕೊಳ್ಳಿರಿ.

4. ನಮ್ಮ ಗಡಿಯ ಮಾತುಗಳು

ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿ ಇದ್ದವು. ಅದಕ್ಕೂ ಹಿಂದೆ ಈ ಭಾಗವೆಲ್ಲ ನಿಜಾಮರ ಆಳಿಕೆಯಲ್ಲಿತ್ತು. ಆಗ ಕಚೇರಿಯ ಭಾಷೆ ಉರ್ದು. ‘ಜಮಾ’, ‘ಬಾಕಿ’ ಎಂಬ ಮಾತುಗಳ ಮೂಲ ಅರಬ್ಬಿ. ಇಂದು ಕನ್ನಡದವರೂ ಮರಾಠಿಯವರೂ ಅವನ್ನು ತಮ್ಮವೇ ಮಾಡಿಕೊಂಡಿದ್ದಾರೆ. ಈಗ ನಮ್ಮ ಕಚೇರಿಯ ಭಾಷೆ ಮರಾಠಿ. ಆದ್ದರಿಂದ ಜೋಡಿ ಮಾತುಗಳನ್ನು ಕಲಿಯುವುದು ಒಳ್ಳೆಯದು.

ಕನ್ನಡದಲ್ಲಿ ಶಿಲ್ಕು, ಮರಾಠಿಯಲ್ಲಿ ಶಿಲ್ಲಕ್.
ಕನ್ನಡದಲ್ಲಿ ಬಾಕಿ, ಮರಾಠಿಯಲ್ಲಿ ಬಾಕೀ, ಥಕ್‌ಬಾಕೀ.
ಕನ್ನಡದಲ್ಲಿ ಜಮಾ, ಮರಾಠಿಯಲ್ಲೂ ಜಮಾ.
ಕನ್ನಡದಲ್ಲಿ ಖರ್ಚು, ಮರಾಠಿ ಬ್ಯಾಂಕ್ ಲೆಕ್ಕದಲ್ಲಿ ನಾವೇ.

ಇನ್ನೊಂದು ಮಾತು ‘ಬೇಬಾಕಿ’. ‘ಬೇ’ ಎಂದರೆ ಇಲ್ಲದ್ದು. ಬೇಬಾಕಿ ಎಂದರೆ ಬಾಕಿ ಇಲ್ಲ. ಸಾಲ ಪೂರ್ತಿ ತೀರಿದ ಮೇಲೆ ಬ್ಯಾಂಕಿನಿಂದ ಬೇಬಾಕಿ ಪತ್ರ ಕೇಳಿ ಪಡೆಯಿರಿ. ಹೊಲದ ಮೇಲೆ ಸಾಲ ತೆಗೆದಿದ್ದರೆ ಸಾತ್‌ಬಾರಾ ಉತಾರೆಯಲ್ಲಿ ‘ಬೋಜಾ’ ಎಂದು ಬರೆದಿರುತ್ತಾರೆ. ಬೋಜಾ ಎಂದರೆ ಹೊರೆ. ಸಾಲ ತೀರಿದರೂ ಆ ಬರಹ ಹಾಗೇ ಉಳಿಯಬಹುದು. ಬೇಬಾಕಿ ಪತ್ರವನ್ನು ತಲಾಠಿ ಕಚೇರಿಗೆ ಕೊಟ್ಟು ಬೋಜಾ ಕಡಿಮೆ ಮಾಡಿಸಿರಿ. ಆಮೇಲೆ ಹೊಸ ಉತಾರೆ ತೆಗೆಸಿ, ಓದಿ ನೋಡಿರಿ.

5. ಸೊನ್ನೆಗೂ ಎರಡು ಅರ್ಥ

ಜನಧನ ಯೋಜನೆ 2014ರ ಆಗಸ್ಟ್ 28ರಂದು ಶುರುವಾಯಿತು. ಆಗ ‘ಜೀರೋ ಬ್ಯಾಲೆನ್ಸ್ ಖಾತೆ’ ಎಂಬ ಮಾತು ಹಳ್ಳಿ ಹಳ್ಳಿಗೆ ಬಂತು. ಜೀರೋ ಎಂದರೆ ಸೊನ್ನೆ. ‘ಈ ಖಾತೆಯಾಗ ರೊಕ್ಕ ಇಡಾಕ ಬರಂಗಿಲ್ಲ’ ಎಂದು ತಿಳಿಯಬೇಡಿ. ಶಿಲ್ಕು ಸೊನ್ನೆ ಆದರೂ ಖಾತೆ ನಡೆಯುತ್ತದೆ, ಅದಕ್ಕೆ ದಂಡ ಇಲ್ಲ ಎಂಬುದೇ ಇದರ ಅರ್ಥ. ಅದರಲ್ಲಿ ನೀವು ರೊಕ್ಕ ಇಡಬಹುದು, ತೆಗೆಯಬಹುದು.

ಉಳಿತಾಯ ಖಾತೆಯಲ್ಲಿ ಬ್ಯಾಲೆನ್ಸ್ ಸೊನ್ನೆ ಎಂದರೆ ಕೈ ಖಾಲಿ. ಸಾಲದ ಖಾತೆಯಲ್ಲಿ ಬ್ಯಾಲೆನ್ಸ್ ಸೊನ್ನೆ ಎಂದರೆ ಋಣ ಹರಿಯಿತು!

6. ಕೇಳಲು ಹಿಂಜರಿಯಬೇಡಿ

ನಮ್ಮ ಭಾಗದ ಬಹಳ ಮಂದಿ ಕಬ್ಬು ಕಡಿಯಲು ಹೋಗುತ್ತಾರೆ. ಹೋಗುವ ಮೊದಲು ಮುಕಾದಮನಿಂದ ‘ಉಚಲ್’ ತೆಗೆದುಕೊಳ್ಳುತ್ತಾರೆ. ಉಚಲ್ ಎಂದರೆ ಮುಂಗಡ. ಹಂಗಾಮು ಮುಗಿದ ಮೇಲೆ “ನಿಂದು ಇಷ್ಟು ಬ್ಯಾಲೆನ್ಸ್ ಅದ” ಎಂದು ಬಾಯಿಂದ ಹೇಳಿದರೆ ಏನು ತಿಳಿಯಬೇಕು? ಕೂಲಿ ಇನ್ನೂ ಬರಬೇಕೋ? ಉಚಲ್ ಇನ್ನೂ ತೀರಬೇಕೋ? ಕೇಳದೆ ತಲೆ ಆಡಿಸಿದರೆ ಬೆವರು ಸುರಿಸಿದ ರೊಕ್ಕಕ್ಕೆ ಲೆಕ್ಕ ಇರುವುದಿಲ್ಲ.

ಆದ್ದರಿಂದ ಯಾರೇ ‘ಬ್ಯಾಲೆನ್ಸ್’ ಎಂದರೂ ಒಂದು ಪ್ರಶ್ನೆ ಕೇಳಿರಿ:

“ಇದು ನನಗ ಬರೋದೋ, ನಾ ಕೊಡೋದೋ?”

ಬ್ಯಾಂಕಿನಲ್ಲಿ ಮರಾಠಿಯಲ್ಲಿ ಹೀಗೆ ಕೇಳಬಹುದು: “ಹೀ ಶಿಲ್ಲಕ್ ಆಹೇ ಕೀ ಥಕ್‌ಬಾಕೀ?”

‘ಬಾಕಿ’ ಎಂದಾಗಲೂ ಇದನ್ನೇ ಕೇಳಿರಿ. ಬರಬೇಕಾದ ಬಾಕಿಯೂ ಉಂಟು, ಕೊಡಬೇಕಾದ ಬಾಕಿಯೂ ಉಂಟು. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಓದಿದ ಮೇಲೆಯೇ ಸಹಿ ಮಾಡಿರಿ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಅಕ್ಷರ ಬರೆಯುತ್ತದೆ. ಆ ಅಕ್ಷರ ನಿಮ್ಮ ರೊಕ್ಕ ಕಾಯಬೇಕು.

ಅಭ್ಯಾಸ

ಅ) ಬಿಟ್ಟ ಸ್ಥಳದಲ್ಲಿ ‘ಶಿಲ್ಕು’, ‘ಬಾಕಿ’, ‘ಚಿಲ್ಲರೆ’ ಇವುಗಳಲ್ಲಿ ಸರಿಯಾದ ಮಾತು ಬರೆಯಿರಿ.
1. ಕಂಡಕ್ಟರ್ ನನಗೆ 12 ರೂಪಾಯಿ ______ ಕೊಡಬೇಕು.
2. ನನ್ನ ಉಳಿತಾಯ ಖಾತೆಯಲ್ಲಿ 1,500 ರೂಪಾಯಿ ______ ಇದೆ.
3. ಅಂಗಡಿಯವರಿಗೆ ನಾನು 350 ರೂಪಾಯಿ ______ ಕೊಡಬೇಕು.

ಆ) ಲೆಕ್ಕ ಮಾಡಿರಿ.
ಒಬ್ಬ ರೈತ ಅಡತಿ ಅಂಗಡಿಯಲ್ಲಿ 30,000 ರೂಪಾಯಿಯ ತೊಗರಿ ಮಾರಿದ. ಮೊದಲೇ ಪಡೆದ ಉಚಲ್ 10,000. ಹಮಾಲಿ ಮತ್ತು ತೂಕದ ಖರ್ಚು 400. ಅಂಗಡಿಯವರು ಕೈಗೆ ಕೊಟ್ಟದ್ದು 15,000. ಚೀಟಿಯಲ್ಲಿ ‘ಬ್ಯಾಲೆನ್ಸ್ 4,600’ ಎಂದು ಬರೆದಿದೆ. ಅಂಕಿ ಸರಿ ಇದೆಯೇ? ಈ ರೊಕ್ಕ ಯಾರು ಯಾರಿಗೆ ಕೊಡಬೇಕು?

ಇ) ಮನೆಗೆಲಸ.
ನಿಮ್ಮ ಮನೆಯ ಪಾಸ್‌ಬುಕ್ ತೆಗೆಯಿರಿ. ಕೊನೆಯ ಸಾಲಿನ ಬ್ಯಾಲೆನ್ಸ್ ಓದಿರಿ. ಅದರ ಎದುರು ಒಂದು ಕಾಗದದಲ್ಲಿ ‘ಶಿಲ್ಕು’ ಅಥವಾ ‘ಬಾಕಿ’ ಎಂದು ಕನ್ನಡದಲ್ಲಿ ಬರೆಯಿರಿ. ಮನೆಯವರಿಗೂ ಓದಿ ಹೇಳಿರಿ.

ಉತ್ತರಗಳು: ಅ) 1. ಚಿಲ್ಲರೆ 2. ಶಿಲ್ಕು 3. ಬಾಕಿ. ಆ) ಅಂಕಿ ಸರಿ ಇದೆ. ಅಂಗಡಿಯವರು ರೈತನಿಗೆ 4,600 ರೂಪಾಯಿ ಕೊಡಬೇಕು.